ಬೋರ್‌ವೆಲ್ ನೀರಿನಲ್ಲಿ ಭಾರಲೋಹ ಸಿಕ್ಕಿದರೆ ಯಾವ ದಾರಿ ಹಿಡಿಯಬೇಕು?

ನೀರಿನ ರಿಪೋರ್ಟ್‌ನಲ್ಲಿ ಆರ್ಸೆನಿಕ್ ಅಥವಾ ಸೀಸ ಮಿತಿ ದಾಟಿದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಫಿಲ್ಟರ್ ಹಾಕಿಸೋದು? ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಯಾವ ಲೋಹ, ಎಷ್ಟಿದೆ, ಯಾವ ರೂಪದಲ್ಲಿದೆ, ಎಲ್ಲಿಂದ ಬರುತ್ತಿದೆ ಎನ್ನುವುದು ಮೊದಲು. ಆ ನೀರನ್ನೇ ಬಿಟ್ಟು ಬೇರೆ ನೀರಿಗೆ ಹೋಗಲು ಆಗುತ್ತದೆಯೇ ಎನ್ನುವುದು ಆಮೇಲೆ. ಇವೆರಡು ತಿಳಿದ ಮೇಲೆ ಫಿಲ್ಟರ್ ಆರಿಸುವುದು ಅಷ್ಟು ಕಷ್ಟವಲ್ಲ. ಎಷ್ಟೋ ಸಲ ಒಂದೋ ಎರಡೋ ದಾರಿ ಮಾತ್ರ ಉಳಿದಿರುತ್ತದೆ. ಮೊದಲೇ ಮಷಿನ್ ತಂದು ಆಮೇಲೆ ಪರೀಕ್ಷೆ ಮಾಡಿಸಿದರೆ, ಸೀಸಕ್ಕೆ ಮಾಡಿದ ಫಿಲ್ಟರ್ ಇಟ್ಟುಕೊಂಡು ಆರ್ಸೆನಿಕ್ ಕುಡಿಯುತ್ತಾ ಕೂರುವ ಹಾಗಾಗುತ್ತದೆ. ಅದೂ ನಿಶ್ಚಿಂತೆಯಿಂದ. ಭಯವಾಗುವುದು ಆ ನಿಶ್ಚಿಂತೆಯೇ.

ಯಾಕೆಂದರೆ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಯುರೇನಿಯಂ ಇವು ಆರೋಗ್ಯ ಕೆಡಿಸುವ ಮಟ್ಟದಲ್ಲಿದ್ದರೂ ನೀರಿಗೆ ಬಣ್ಣ ಬರುವುದಿಲ್ಲ, ವಾಸನೆ ಬರುವುದಿಲ್ಲ. ರುಚಿಯೂ ಬದಲಾಗುವುದಿಲ್ಲ. ತಿಳಿಯಾದ, ತಣ್ಣಗಿನ, ಸಿಹಿಯಾದ ನೀರೇ ಆಗಿರಬಹುದು. (ಆರ್ಸೆನಿಕ್ ಪೂರ್ತಿ ಲೋಹವಲ್ಲ, ಅರೆಲೋಹ. ಆದರೆ ನೀರಿನ ವಿಷಯ ಬಂದಾಗ ಅದನ್ನೂ ಈ ಗುಂಪಿನಲ್ಲೇ ಸೇರಿಸುತ್ತಾರೆ.)

ಪರೀಕ್ಷೆ: ಟಿಡಿಎಸ್ ಮೀಟರ್, ಫೀಲ್ಡ್ ಕಿಟ್, ಲ್ಯಾಬ್

ಟಿಡಿಎಸ್ ಮೀಟರ್‌ನಿಂದ ಶುರು ಮಾಡೋಣ. ಅದನ್ನು ನೀರಿಗೆ ಅದ್ದಿ, ನಂಬರ್ ಕಡಿಮೆ ಬಂದರೆ ನೀರು ಒಳ್ಳೆಯದು ಅಂತ ತೀರ್ಮಾನಿಸುವವರು ತುಂಬ ಜನ. ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎನ್ನುವುದನ್ನು. ಅದರಿಂದ ಕರಗಿದ ಒಟ್ಟು ಲವಣದ ಅಂದಾಜು ಸಿಗುತ್ತದೆ, ಅಷ್ಟೇ. ಲೆಕ್ಕ ಹಾಕಿ ನೋಡಿ. ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಅಂದರೆ 5 ಲಕ್ಷ ಮೈಕ್ರೋಗ್ರಾಂ. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಆ ಮೊತ್ತದ 50,000ದಲ್ಲಿ ಒಂದು ಪಾಲು. ಮಿತಿಯ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಮೀಟರಿನ ನಂಬರ್ ಅಲುಗಾಡುವುದಿಲ್ಲ. ಲೋಹ ಹುಡುಕಲು ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುವುದೇ ಇಲ್ಲ. ಅದಕ್ಕೆ ಬೇರೆ ಒಂದು ಒಳ್ಳೆಯ ಉಪಯೋಗ ಇದೆ, ಮುಂದೆ ಹೇಳುತ್ತೇನೆ.

ಫೀಲ್ಡ್ ಕಿಟ್ ಮುಖ್ಯವಾಗಿ ಆರ್ಸೆನಿಕ್ ನೋಡಲು. ಕಿಟ್‌ನ ಬಾಟಲಿಗೆ ಗೆರೆಯವರೆಗೆ ನೀರು ಹಾಕಿ, ಆಮ್ಲದ ಪುಡಿ ಮತ್ತು ಸತುವಿನ ಪುಡಿ ಸೇರಿಸುತ್ತಾರೆ. ಕೂಡಲೇ ಗುಳ್ಳೆ ಏಳುತ್ತದೆ. ನೀರಿನಲ್ಲಿದ್ದ ಆರ್ಸೆನಿಕ್ ಆರ್ಸೀನ್ ಅನ್ನುವ ಅನಿಲವಾಗಿ ಮೇಲೆ ಬರುತ್ತದೆ. ಮುಚ್ಚಳಕ್ಕೆ ಸಿಕ್ಕಿಸಿದ ಬಿಳಿ ಪಟ್ಟಿಗೆ ಮರ್ಕ್ಯುರಿಕ್ ಬ್ರೋಮೈಡ್ ಹಚ್ಚಿರುತ್ತಾರೆ. ಅನಿಲ ತಾಗಿದ ಜಾಗ ಮೊದಲು ತಿಳಿ ಹಳದಿ, ಆಮೇಲೆ ಗಾಢ ಹಳದಿ, ಜಾಸ್ತಿ ಇದ್ದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಣ್ಣದ ಚಾರ್ಟ್ ಪಕ್ಕ ಹಿಡಿದು ಓದಬೇಕು. 5 ಇದೆಯೋ 100 ಇದೆಯೋ ಎನ್ನುವುದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. 10 ಇದೆಯೋ 20 ಇದೆಯೋ ಎನ್ನುವುದು ಕಣ್ಣಿನ ಮೇಲೆ, ಬೆಳಕಿನ ಮೇಲೆ ನಿಂತಿದೆ. ಒಂದು ಪ್ರದೇಶದ ನೂರಾರು ಬಾವಿಗಳನ್ನು ಬೇಗ ವಿಂಗಡಿಸಲು ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಆದರೆ ನಿಮ್ಮ ಮನೆಯ ಕೊನೆಯ ತೀರ್ಮಾನಕ್ಕೆ ಇದು ಸಾಲದು. ಆರ್ಸೀನ್ ವಿಷದ ಅನಿಲ, ಪಟ್ಟಿಯಲ್ಲಿರುವುದು ಪಾದರಸ. ಹಾಗಾಗಿ ಈ ಪರೀಕ್ಷೆಯನ್ನು ಗಾಳಿಯಾಡುವ ಜಾಗದಲ್ಲೇ ಮಾಡಬೇಕು, ಪಟ್ಟಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

ಕೊನೆಗೆ ಲ್ಯಾಬ್. ಐಸಿಪಿ-ಎಂಎಸ್ (ಲೋಹವನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಯಂತ್ರ) ಇರುವ ಲ್ಯಾಬ್ ಆದರೆ ಒಂದೇ ಸ್ಯಾಂಪಲ್‌ನಲ್ಲಿ ಹತ್ತಾರು ಲೋಹ ನೋಡಿ, 1 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಹೇಳುತ್ತದೆ. ಬಾಟಲಿ ಲ್ಯಾಬ್‌ನಿಂದಲೇ ತನ್ನಿ. ಲೋಹದ ಕಣಗಳು ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತವೆ. ಹಾಗಾಗದಿರಲಿ ಎಂದು ನೈಟ್ರಿಕ್ ಆಮ್ಲ ಸೇರಿಸುತ್ತಾರೆ. ಹಳೆಯ ಬಾಟಲಿಯಲ್ಲಿ ನೀರು ಹಿಡಿದು ವಾರ ಬಿಟ್ಟು ಕೊಟ್ಟರೆ ನಿಜಕ್ಕಿಂತ ಕಡಿಮೆ ತೋರಿಸಬಹುದು.

ಸೀಸದ ಅನುಮಾನವಿದ್ದರೆ ಎರಡು ಬಾಟಲಿ ತುಂಬಿಸಿ. ರಾತ್ರಿಯಿಡೀ ನಲ್ಲಿ ಮುಟ್ಟದೆ, ಬೆಳಿಗ್ಗೆ ಬರುವ ಮೊದಲ ನೀರನ್ನು ಒಂದರಲ್ಲಿ ಹಿಡಿಯಿರಿ. ನಲ್ಲಿಯನ್ನು ಕೆಲವು ನಿಮಿಷ ಪೂರ್ತಿ ಬಿಟ್ಟು, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಇನ್ನೊಂದನ್ನು. ಮೊದಲನೆಯದರಲ್ಲಿ ಜಾಸ್ತಿ, ಎರಡನೆಯದರಲ್ಲಿ ಕಡಿಮೆ ಬಂದರೆ ಸೀಸ ಬರುತ್ತಿರುವುದು ಬಾವಿಯಿಂದಲ್ಲ, ನಿಮ್ಮ ಪೈಪು, ಬೆಸುಗೆ ಅಥವಾ ಹಿತ್ತಾಳೆ ನಲ್ಲಿಯಿಂದ. ಎರಡರಲ್ಲೂ ಜಾಸ್ತಿ ಇದ್ದರೆ ಬಾವಿ ಅಥವಾ ಪಂಪಿನ ಭಾಗಗಳನ್ನು ಅನುಮಾನಿಸಬೇಕು. ಈ ಎರಡು ಬಾಟಲಿಗಳ ಉತ್ತರದಿಂದ ಮುಂದಿನ ದಾರಿಯೇ ಬದಲಾಗುತ್ತದೆ. ಒಂದು ನಲ್ಲಿ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಜನ ಹೊಸ ಬೋರ್ ಕೊರೆಸುತ್ತಾರೆ. ಸಂಕಟವಾಗುತ್ತದೆ.

ಲ್ಯಾಬ್‌ಗೆ ಕೊಡುವಾಗ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಯುರೇನಿಯಂ, ನಿಕಲ್, ಮ್ಯಾಂಗನೀಸ್, ಕಬ್ಬಿಣ ಎಲ್ಲ ಕೇಳಿ. ಜೊತೆಗೆ ಪಿಎಚ್, ಗಡಸುತನ, ಸಲ್ಫೇಟ್, ಫಾಸ್ಫೇಟ್, ಸಿಲಿಕಾ ಕೂಡ. ಇವು ಯಾಕೆ ಅನ್ನಿಸಬಹುದು. ಯಾವ ಫಿಲ್ಟರ್ ನಿಮ್ಮ ನೀರಿನಲ್ಲಿ ಎಷ್ಟು ದಿನ ಬಾಳುತ್ತದೆ ಎಂದು ಹೇಳುವುದು ಇವೇ.

ಯಾವ ಲೋಹ ಎಷ್ಟು ತುರ್ತು?

ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಹೀಗಿವೆ: ಆರ್ಸೆನಿಕ್ 10, ಸೀಸ 10, ಕ್ಯಾಡ್ಮಿಯಂ 3, ಪಾದರಸ 6, ಯುರೇನಿಯಂ 30, ಒಟ್ಟು ಕ್ರೋಮಿಯಂ 50, ನಿಕಲ್ 70. ಈ ನಂಬರ್‌ಗಳನ್ನು ಓದುವಾಗ ಒಂದು ಎಚ್ಚರ ಬೇಕು. ಆರ್ಸೆನಿಕ್‌ನ 10 ಎನ್ನುವುದು ತಾತ್ಕಾಲಿಕ ಮಿತಿ. ಅದಕ್ಕಿಂತ ಕೆಳಗೆ ಅಪಾಯವೇ ಇಲ್ಲ ಅಂತಲ್ಲ. ಅದಕ್ಕಿಂತ ಕಡಿಮೆಗೆ ಇಳಿಸುವುದು, ಅಳೆಯುವುದು ಎಲ್ಲ ಕಡೆ ಸಾಧ್ಯವಾಗುವುದಿಲ್ಲ ಎಂಬ ಕಾರಣಕ್ಕೆ ಅಲ್ಲಿ ನಿಲ್ಲಿಸಿದ್ದಾರೆ. ಸೀಸದ್ದೂ ಇದೇ ಕಥೆ.

ಆರ್ಸೆನಿಕ್ ಅವಸರದಲ್ಲಿ ಏನೂ ತೋರಿಸುವುದಿಲ್ಲ. ಚರ್ಮದ ಮೇಲೆ ಚುಕ್ಕೆ, ಅಂಗೈ ಅಂಗಾಲು ಗಡುಸಾಗಿ ಗಂಟು ಕಟ್ಟುವುದು, ಇವೆಲ್ಲ ಕಾಣಿಸಲು ಸಾಮಾನ್ಯವಾಗಿ ಐದು ವರ್ಷವಾದರೂ ಬೇಕು. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಇನ್ನೂ ತಡವಾಗಿ ಬರುತ್ತದೆ. ಚಿಲಿಯ ಆಂಟೋಫಗಾಸ್ಟಾ ನಗರದಲ್ಲಿ 1958ರಿಂದ 1970ರವರೆಗೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್ 800 ಮೈಕ್ರೋಗ್ರಾಂ ದಾಟಿತ್ತು. ಅದು ಬೆಟ್ಟದ ಕಡೆಯಿಂದ ಬರುವ ಹೊಳೆ ನೀರು. 1970ರಲ್ಲಿ ಶುದ್ಧೀಕರಣ ಘಟಕ ಬಂತು, ಮಟ್ಟ ಇಳಿಯಿತು. ಆದರೂ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಅಲ್ಲಿ ದಶಕಗಳ ಕಾಲ ಹೆಚ್ಚಾಗಿಯೇ ಉಳಿಯಿತು. ನೀರು ಸರಿಯಾದ ದಿನವೇ ಅಪಾಯ ಮುಗಿಯುವುದಿಲ್ಲ ಅಂತಾಯಿತು. ಹಾಗಾಗಿ ಒಂದು ವರ್ಷ ಮೊದಲೇ ನಿಲ್ಲಿಸಿದರೂ ಅದು ದೊಡ್ಡ ಲಾಭ.

ಸೀಸ ಮಕ್ಕಳ ಶತ್ರು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಆಮೇಲೆ ಸರಿಹೋಗುವುದಿಲ್ಲ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಲ್ಸಿಯಂ ಇರಬೇಕಾದ ಜಾಗಕ್ಕೆ ನುಸುಳಿ ಮೂಳೆಯಲ್ಲಿ ದಶಕಗಟ್ಟಲೆ ಕೂರುತ್ತದೆ. ಗರ್ಭಿಣಿಯ ಮೂಳೆಯಿಂದ ಕ್ಯಾಲ್ಸಿಯಂ ಬಿಡುಗಡೆ ಆಗುವಾಗ ಅದೂ ಹೊರಬಂದು ಮಗುವಿಗೆ ತಲುಪುತ್ತದೆ.

ಕ್ಯಾಡ್ಮಿಯಂ ಕಿಡ್ನಿಯಲ್ಲಿ ಸೇರಿಕೊಂಡರೆ ಅರ್ಧದಷ್ಟು ಹೋಗಲೂ ಹತ್ತರಿಂದ ಮೂವತ್ತು ವರ್ಷ ಬೇಕು. ಜಪಾನಿನ ಜಿಂಜು ನದಿ ತೀರದಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ನೀರಿಗೂ ಗದ್ದೆಗೂ ಸೇರಿ, ಮೂಳೆ ಮೆತ್ತಗಾಗಿ ಮುರಿಯುವ ಇಟಾಯ್-ಇಟಾಯ್ ರೋಗ ಬಂತು. ಕ್ರೋಮಿಯಂನಲ್ಲಿ ಎರಡು ರೂಪ ಇದೆ. ಮೂರರ ರೂಪ (ರಿಪೋರ್ಟ್‌ನಲ್ಲಿ ಕ್ರೋಮಿಯಂ III) ಅಷ್ಟು ಅಪಾಯವಲ್ಲ, ಆರರ ರೂಪ (ಕ್ರೋಮಿಯಂ VI) ವಿಷ. ಚರ್ಮ ಹದ ಮಾಡುವ, ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಗಳ ಸುತ್ತ ಇದನ್ನು ಖಂಡಿತ ನೋಡಿಸಿ. ಯುರೇನಿಯಂ ಅಂದ ಕೂಡಲೇ ವಿಕಿರಣ ನೆನಪಾಗುತ್ತದೆ ಅಲ್ವಾ? ನೀರಿನಲ್ಲಿ ಸಿಗುವ ಸಹಜ ಯುರೇನಿಯಂ ವಿಕಿರಣಕ್ಕಿಂತ ಮೊದಲು ರಾಸಾಯನಿಕವಾಗಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಪಾದರಸ ಅಂತರ್ಜಲದಲ್ಲಿ ಅಪರೂಪ. ಮ್ಯಾಂಗನೀಸ್ ಪಾತ್ರೆಗೆ ಕಪ್ಪು ಕಲೆ ಬಿಟ್ಟು ತಾನಾಗಿ ಸುಳಿವು ಕೊಡುತ್ತದೆ. ಬಾಟಲಿ ಹಾಲು ಕುಡಿಯುವ ಕೂಸಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆರ್ಸೆನಿಕ್ 12 ಬಂದರೆ ಗಾಬರಿ ಬೇಡ. ಕೆಲವು ವಾರ ತೆಗೆದುಕೊಂಡು ನಿಧಾನವಾಗಿ ಯೋಚಿಸಿ. 100 ಬಂದರೆ ಇವತ್ತಿನಿಂದಲೇ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ, ಯೋಚನೆ ಆಮೇಲೆ. ಸೀಸ ಬಂದು ಮನೆಯಲ್ಲಿ ಚಿಕ್ಕ ಮಕ್ಕಳೋ ಗರ್ಭಿಣಿಯೋ ಇದ್ದರೆ ನಂಬರ್ ಎಷ್ಟಾದರೂ ಇರಲಿ, ಕಾಯಬೇಡಿ.

ಬೇರೆ ನೀರಿಗೆ ಹೋಗುವುದೋ, ಇದನ್ನೇ ಶುದ್ಧ ಮಾಡುವುದೋ

ಸಾಧ್ಯವಿದ್ದರೆ ಬೇರೆ ನೀರು. ಇದರಲ್ಲಿ ನನಗೆ ಅನುಮಾನವಿಲ್ಲ. ಲೋಹವೇ ಇಲ್ಲದ ನೀರಿನಲ್ಲಿ ಕಾರ್ಟ್ರಿಜ್ ಮುಗಿಯಿತೇ ಎಂಬ ಚಿಂತೆ ಇಲ್ಲ, ವಿಷದ ಕಸವೂ ಉಳಿಯುವುದಿಲ್ಲ. ಆದರೆ ಬದಲಿ ನೀರು ತನ್ನದೇ ತೊಂದರೆ ತರುತ್ತದೆ. ಬಾಂಗ್ಲಾದೇಶದಲ್ಲಿ ಆಗಿದ್ದು ಇದೇ. ಕೆರೆ ಹೊಂಡದ ನೀರಿನಿಂದ ಮಕ್ಕಳು ಭೇದಿಯಾಗಿ ಸಾಯುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಕೊಳವೆ ಬಾವಿ ಹಾಕುತ್ತಾ ಹೋದರು. ರೋಗಾಣು ಇಲ್ಲದ ನೀರು ಸಿಕ್ಕಿತು. ಅದರಲ್ಲಿ ಆರ್ಸೆನಿಕ್ ಇದೆ ಎಂದು ಖಚಿತವಾದದ್ದು 1993ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಲೇಖನ 3.5 ಕೋಟಿಯಿಂದ 7.7 ಕೋಟಿ ಜನ ಅಪಾಯದಲ್ಲಿದ್ದಾರೆ ಎಂದು ಅಂದಾಜು ಮಾಡಿತು.

ಅಲ್ಲಿನ ಪರಿಹಾರದಲ್ಲಿ ನಮಗೊಂದು ಪಾಠ ಇದೆ. ಲಕ್ಷಾಂತರ ಕೈಪಂಪುಗಳನ್ನು ಫೀಲ್ಡ್ ಕಿಟ್‌ನಿಂದ ಪರೀಕ್ಷಿಸಿ, ಆರ್ಸೆನಿಕ್ ಜಾಸ್ತಿ ಇದ್ದ ಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಒಂದೇ ಊರಿನಲ್ಲಿ, ಕೆಲವು ಮಾರು ದೂರದಲ್ಲೇ, ಒಂದು ಕೆಂಪು ಇನ್ನೊಂದು ಹಸಿರು ಇರುತ್ತಿತ್ತು. ಆರ್ಸೆನಿಕ್ ಭೂಮಿಯೊಳಗೆ ಹೀಗೆ ತೇಪೆ ತೇಪೆಯಾಗಿ ಹಂಚಿರುತ್ತದೆ. ಪಕ್ಕದ ಬಾವಿ ಚೆನ್ನಾಗಿದೆ ಅಂದರೆ ನಿಮ್ಮದೂ ಚೆನ್ನಾಗಿದೆ ಅಂತ ಅರ್ಥವಲ್ಲ. ನಿಮ್ಮದು ಕೆಟ್ಟಿದೆ ಅಂದರೆ ಪಕ್ಕದ್ದು ಕೆಟ್ಟಿರಲೇಬೇಕು ಅಂತಲೂ ಇಲ್ಲ. ಹಾಗಾಗಿ ಮಷಿನ್ ನೋಡುವ ಮೊದಲು ಸುತ್ತಲಿನ ನಾಲ್ಕಾರು ಬಾವಿಗಳನ್ನು ಪರೀಕ್ಷಿಸಿ.

ಇನ್ನೂ ಆಳಕ್ಕೆ ಕೊರೆಸಿದರೆ? ಬಂಗಾಳದಂಥ ನದಿ ಮೆಕ್ಕಲು ಪ್ರದೇಶದಲ್ಲಿ 150 ಮೀಟರಿಗಿಂತ ಕೆಳಗಿನ ನೀರಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಕಡಿಮೆ. ಗ್ರಾನೈಟ್‌ನಂಥ ಗಟ್ಟಿ ಕಲ್ಲಿನ ನೆಲದಲ್ಲಿ ಇದನ್ನು ನಂಬಬೇಡಿ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಿಂದಲೇ ಯುರೇನಿಯಂ, ಫ್ಲೋರೈಡ್ ಕರಗಿಸಿಕೊಂಡಿರಬಹುದು. ಎಲ್ಲಿ ಕೊರೆಸಿದರೂ ಕೇಸಿಂಗ್ ಪೈಪಿನ ಸುತ್ತಲಿನ ಸಂದು ಸರಿಯಾಗಿ ಮುಚ್ಚದಿದ್ದರೆ ಮೇಲಿನ ಕೆಟ್ಟ ನೀರು ಆ ಸಂದಿನಲ್ಲೇ ಇಳಿದು ಆಳದ ಒಳ್ಳೆಯ ನೀರಿಗೆ ಸೇರುತ್ತದೆ.

ಮಳೆ ನೀರು ಆರ್ಸೆನಿಕ್, ಯುರೇನಿಯಂ ಎರಡಕ್ಕೂ ಒಳ್ಳೆಯ ಉತ್ತರ. ಆದರೆ ಅದು ತುಸು ಆಮ್ಲದ ಗುಣದ್ದು, ಲವಣವಿಲ್ಲದ್ದು. ಹಳೆಯ ಸೀಸದ ಬಣ್ಣ ಬಳಿದ ಛಾವಣಿಯಿಂದಲೋ ಲೋಹದ ತೊಟ್ಟಿಯಿಂದಲೋ ಲೋಹವನ್ನು ಎಳೆದುಕೊಳ್ಳಬಲ್ಲದು. ಮೊದಲ ಮಳೆಯನ್ನು ಬಿಟ್ಟುಬಿಡಿ, ರೋಗಾಣು ಕೊಲ್ಲುವ ವ್ಯವಸ್ಥೆ ಮಾಡಿ. ಕೆರೆ, ತೆರೆದ ಬಾವಿ ನೀರಿಗೂ ರೋಗಾಣು ಕೊಲ್ಲುವ ವ್ಯವಸ್ಥೆ ಬೇಕು.

ಇಡೀ ಊರಿನ ನೀರಿನ ಮೂಲ ಬದಲಿಸುವಾಗ ಪೈಪನ್ನು ಮರೆಯಬಾರದು. ಅಮೆರಿಕದ ಫ್ಲಿಂಟ್ ನಗರ 2014ರಲ್ಲಿ ನದಿ ನೀರಿಗೆ ಬದಲಾಯಿತು. ಪೈಪು ಕೊರೆಯದಂತೆ ತಡೆಯುವ ರಾಸಾಯನಿಕ ಸೇರಿಸಲಿಲ್ಲ. ಹಳೆಯ ಪೈಪುಗಳಲ್ಲಿದ್ದ ಸೀಸ ನಲ್ಲಿಗೆ ಬಂತು.

ಫಿಲ್ಟರ್‌ಗಳನ್ನು ಹೋಲಿಸುವಾಗ

ಕೆಲಸಕ್ಕೆ ಬಾರದ್ದನ್ನು ಮೊದಲು ಬದಿಗೆ ಸರಿಸೋಣ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ. ಯುವಿ ದೀಪ ರೋಗಾಣುಗಳಿಗೆ ಮಾತ್ರ. ಕ್ಯಾಂಡಲ್ ಫಿಲ್ಟರ್, ಬಟ್ಟೆ, ಸಾಮಾನ್ಯ ಕಾರ್ಬನ್ ಇವ್ಯಾವುವೂ ಕರಗಿದ ಆರ್ಸೆನಿಕ್‌ಗೆ ತಡೆಯಲ್ಲ. ಕುದಿಸುವುದು, ಯುವಿ, ಕ್ಯಾಂಡಲ್ ಇವು ಭೇದಿ ತಡೆಯಲು ನೆರವಾಗುತ್ತವೆ, ಲೋಹಕ್ಕಲ್ಲ.

ಉಳಿದವುಗಳನ್ನು ಹೋಲಿಸಲು ಆರ್ಸೆನಿಕ್‌ನ ಒಂದು ಗುಣ ಗೊತ್ತಿರಬೇಕು. ಅದಕ್ಕೂ ಎರಡು ರೂಪ. ಗಾಳಿ ತಾಗಿದ ನೀರಿನಲ್ಲಿ ಐದರ ರೂಪ, ಅದಕ್ಕೆ ವಿದ್ಯುತ್ ಅಂಶ ಇರುತ್ತದೆ. ಗಾಳಿ ಇಲ್ಲದ ಆಳದ ನೀರಿನಲ್ಲಿ ಮೂರರ ರೂಪ. ಸಾಮಾನ್ಯ ಪಿಎಚ್‌ನಲ್ಲಿ ಅದಕ್ಕೆ ವಿದ್ಯುತ್ ಅಂಶ ಇರುವುದಿಲ್ಲ. ಆರ್‌ಒ ಮೆಂಬ್ರೇನ್ ಆಗಲಿ, ರಾಳ (ಕರಗಿದ ಕಣಗಳನ್ನು ಹಿಡಿದಿಡುವ ಚಿಕ್ಕ ಮಣಿಗಳು) ಆಗಲಿ ಚೆನ್ನಾಗಿ ಹಿಡಿಯುವುದು ವಿದ್ಯುತ್ ಅಂಶ ಇರುವ ಕಣಗಳನ್ನು. ಹಾಗಾಗಿ ಒಂದೇ ಮಾದರಿಯ ಮಷಿನ್ ಒಂದು ಮನೆಯಲ್ಲಿ ಆರ್ಸೆನಿಕ್ ಪೂರಾ ತೆಗೆದರೆ ಇನ್ನೊಂದು ಮನೆಯಲ್ಲಿ ಅರ್ಧವನ್ನೂ ತೆಗೆಯದೇ ಇರಬಹುದು. ಪರಿಹಾರ ಸರಳ. ನೀರಿಗೆ ಮೊದಲು ಕ್ಲೋರಿನ್ ಹಾಕಿದರೆ ಮೂರರ ರೂಪ ಬೇಗನೆ ಐದರ ರೂಪವಾಗುತ್ತದೆ. ಸುಮ್ನೆ ಗಾಳಿಗೆ ಬಿಟ್ಟರೆ ತುಂಬ ನಿಧಾನ.

ಆರ್‌ಒ ಎಲ್ಲಕ್ಕಿಂತ ಹೆಚ್ಚು ಲೋಹಗಳನ್ನು ಒಟ್ಟಿಗೆ ತೆಗೆಯುತ್ತದೆ: ಸೀಸ, ಕ್ಯಾಡ್ಮಿಯಂ, ಆರರ ಕ್ರೋಮಿಯಂ, ಯುರೇನಿಯಂ, ಐದರ ಆರ್ಸೆನಿಕ್. ರಿಪೋರ್ಟ್‌ನಲ್ಲಿ ಎರಡು ಮೂರು ಲೋಹ ಒಟ್ಟಿಗೆ ಬಂದಿದ್ದರೆ ಮನೆಗೆ ನಾನು ಹೇಳುವುದು ಇದನ್ನೇ. ಆದರೆ ನೀರು ಪೋಲಾಗುತ್ತದೆ, ಒಳ್ಳೆಯ ಲವಣವೂ ಹೋಗುತ್ತದೆ. ಮೊದಲು ಕ್ಲೋರಿನ್ ಹಾಕಿದ್ದರೆ ಮೆಂಬ್ರೇನ್‌ಗೆ ತಲುಪುವ ಮುಂಚೆ ಕಾರ್ಬನ್‌ನಲ್ಲಿ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಮೆಂಬ್ರೇನ್ ಹಾಳು.

ಇಲ್ಲಿ ಯಾರೂ ಗಮನಿಸದ ಒಂದು ಚಿಕ್ಕ ತಿರುಪು ಇದೆ. ಎಷ್ಟೋ ಆರ್‌ಒ ಮಷಿನ್‌ಗಳಲ್ಲಿ ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಶುದ್ಧ ನೀರಿಗೆ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಬೋರ್ ನೀರಿನಲ್ಲಿ ಆರ್ಸೆನಿಕ್ 50 ಇದೆ ಎಂದುಕೊಳ್ಳಿ. ಮೆಂಬ್ರೇನ್ ಪೂರ್ತಿ ಕೆಲಸ ಮಾಡಿದರೂ ಐದರಲ್ಲಿ ಒಂದು ಪಾಲು ಕಚ್ಚಾ ನೀರು ಬೆರೆತರೆ ಲೋಟದಲ್ಲಿ 10 ಬಂದೇ ಬಿಟ್ಟಿತು. ಬೋರ್‌ನಲ್ಲಿ 100 ಇದ್ದರೆ 20. ಲೋಹದ ಕಾರಣಕ್ಕೆ ಆರ್‌ಒ ಹಾಕಿಸುವವರು ಮೊದಲು ಈ ತಿರುಪನ್ನು ಪೂರ್ತಿ ಮುಚ್ಚಿಸಬೇಕು. ಲವಣ ಬೇಕಿದ್ದರೆ ಕೊನೆಯಲ್ಲಿ ಮಿನರಲ್ ಕಾರ್ಟ್ರಿಜ್ ಹಾಕಿಸಿ, ಕಚ್ಚಾ ನೀರು ಬೆರೆಸಬೇಡಿ.

ಬರೀ ಆರ್ಸೆನಿಕ್ ಇದ್ದರೆ ಕಬ್ಬಿಣದ ಆಕ್ಸೈಡ್ ಹರಳುಗಳ ಫಿಲ್ಟರ್ ಆರ್‌ಒಗಿಂತ ಉತ್ತಮ ಎನ್ನುತ್ತೇನೆ. ತುಕ್ಕಿಗೆ ಆರ್ಸೆನಿಕ್ ಅಂಟಿಕೊಳ್ಳುವುದು ಅದರ ಗುಣ. ನೀರು ಪೋಲಾಗುವುದಿಲ್ಲ, ಮೂರರ ರೂಪವನ್ನೂ ಒಂದಷ್ಟು ಹಿಡಿಯುತ್ತದೆ. ಫಾಸ್ಫೇಟ್, ಸಿಲಿಕಾ ಜಾಸ್ತಿ ಇದ್ದರೆ ಅವೇ ಜಾಗ ಹಿಡಿದುಕೊಂಡು ಫಿಲ್ಟರ್ ಬೇಗ ತುಂಬುತ್ತದೆ. ಬಾಂಗ್ಲಾದೇಶ ಮೂಲದ ವಿಜ್ಞಾನಿ ಅಬುಲ್ ಹುಸ್ಸಾಮ್ ಇದೇ ತತ್ವದ ಮೇಲೆ ಸೋನೋ ಫಿಲ್ಟರ್ ಮಾಡಿದರು. ಎರಡು ಬಕೆಟ್, ಮರಳು, ಕಬ್ಬಿಣದ ವಿಶೇಷ ಮಿಶ್ರಣ, ಇದ್ದಿಲು, ಇಟ್ಟಿಗೆ ಚೂರು. ಕರೆಂಟ್ ಬೇಡ. ಅದಕ್ಕೆ 2007ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಗ್ರೇಂಜರ್ ಪ್ರಶಸ್ತಿ ಕೊಟ್ಟಿತು.

ಆಕ್ಟಿವೇಟೆಡ್ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್‌ನ ಹರಳು) ಆರ್ಸೆನಿಕ್ ಮತ್ತು ಫ್ಲೋರೈಡ್ ಎರಡೂ ಹಿಡಿಯುತ್ತದೆ. ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5.5ರಿಂದ 6ರ ಆಸುಪಾಸಿನಲ್ಲಿ. ಪಿಎಚ್ 8ರ ನೀರಿನಲ್ಲಿ ಅದರ ಶಕ್ತಿ ತೀರಾ ಕುಗ್ಗುತ್ತದೆ. ಮತ್ತೆ ಚುರುಕು ಮಾಡಲು ಕಾಸ್ಟಿಕ್ ಸೋಡಾ, ಆಮ್ಲ ಬೇಕು. ನೋಡಿಕೊಳ್ಳುವವರಿರುವ ಸಮುದಾಯದ ಘಟಕಕ್ಕೆ ಸರಿ, ಮನೆಗೆ ನಾನು ಹೇಳುವುದಿಲ್ಲ.

ಅಯಾನ್ ವಿನಿಮಯದ ರಾಳದಲ್ಲಿ ಎರಡು ಜಾತಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್‌ನ ರಾಳ ಆರ್ಸೆನಿಕ್ ಮುಟ್ಟುವುದಿಲ್ಲ. ಇನ್ನೊಂದು, ಋಣ ಅಂಶದ ಕಣಗಳನ್ನು ಹಿಡಿಯುವ ರಾಳ. ಯುರೇನಿಯಂಗೆ ಇದು ತುಂಬ ಒಳ್ಳೆಯದು, ಆರರ ಕ್ರೋಮಿಯಂಗೂ ಆಗುತ್ತದೆ. ಆರ್ಸೆನಿಕ್‌ಗೆ ಹುಷಾರು. ಈ ರಾಳಕ್ಕೆ ಆರ್ಸೆನಿಕ್‌ಗಿಂತ ಸಲ್ಫೇಟ್ ಇಷ್ಟ. ರಾಳ ತುಂಬಿದ ಮೇಲೂ ನೀರು ಬಿಡುತ್ತಿದ್ದರೆ, ಒಳಬರುವ ಸಲ್ಫೇಟ್ ಹಿಡಿದಿಟ್ಟ ಆರ್ಸೆನಿಕ್ಕನ್ನು ಹೊರಗೆ ತಳ್ಳುತ್ತದೆ. ಆಗ ಬೋರ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ಆರ್ಸೆನಿಕ್ ನಲ್ಲಿಯಲ್ಲಿ ಬರಬಹುದು. ಸಲ್ಫೇಟ್ ಪರೀಕ್ಷೆ ಮಾಡಿಸಿ ಅಂದಿದ್ದು ಇದಕ್ಕೇ.

ಸೀಸಕ್ಕೆ ಸೀಸ ತೆಗೆಯುತ್ತದೆ ಎಂದೇ ಎನ್‌ಎಸ್‌ಎಫ್ 53 (ಫಿಲ್ಟರ್ ಪರೀಕ್ಷೆಯ ಒಂದು ಅಮೆರಿಕನ್ ಮಾನದಂಡ) ಪ್ರಮಾಣಪತ್ರ ಪಡೆದ ಕಾರ್ಬನ್ ಬ್ಲಾಕ್, ಅಂದರೆ ಒತ್ತಿ ಗಟ್ಟಿ ಮಾಡಿದ ಇದ್ದಿಲಿನ ಫಿಲ್ಟರ್, ಸಾಕು. ಆರ್‌ಒಗೆ ಇರುವುದು ಎನ್‌ಎಸ್‌ಎಫ್ 58. ಪೆಟ್ಟಿಗೆಯ ಮೇಲೆ ಬರೀ ನಂಬರ್ ನೋಡಬೇಡಿ. ಒಂದೇ ನಂಬರಿನಡಿ ಕೆಲವಕ್ಕೆ ಸೀಸ ತೆಗೆಯುವ ಪ್ರಮಾಣಪತ್ರ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ನಿಮ್ಮ ಲೋಹದ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಓದಿ. ಆರ್ಸೆನಿಕ್ ಎದುರು ಐದರ ರೂಪಕ್ಕೆ ಮಾತ್ರ ಎಂದು ಬರೆದಿರುವುದೂ ಉಂಟು. ಬಟ್ಟಿ ಇಳಿಸುವ ಯಂತ್ರ ಬಹುತೇಕ ಎಲ್ಲ ಲೋಹ ತೆಗೆಯುತ್ತದೆ, ಆದರೆ ಕರೆಂಟ್ ತಿನ್ನುತ್ತದೆ, ದಿನಕ್ಕೆ ಕೆಲವೇ ಲೀಟರ್ ಕೊಡುತ್ತದೆ.

ಕೆಟ್ಟಾಗ ಗೊತ್ತಾಗುತ್ತದೆಯೇ?

ಎರಡು ಫಿಲ್ಟರ್ ಸರಿಸಮ ಅನ್ನಿಸಿದಾಗ ನಾನು ನೋಡುವುದು ಇದನ್ನೇ. ಟಿಡಿಎಸ್ ಮೀಟರಿನ ಉಪಯೋಗ ಬರುವುದೂ ಇಲ್ಲೇ. ಆರ್‌ಒ ಮೆಂಬ್ರೇನ್ ಹರಿದರೆ ಎಲ್ಲ ಲವಣವೂ ನುಸುಳುತ್ತದೆ. ಹೊಸದಾಗಿ ಹಾಕಿದ ದಿನ ಒಳಗಿನ ನೀರು, ಹೊರಗಿನ ನೀರು ಎರಡನ್ನೂ ಅಳೆದು ಬರೆದಿಡಿ. ಹೊರಗಿನ ನಂಬರ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಮೆಂಬ್ರೇನ್ ಸೋಲುತ್ತಿದೆ. ಕಬ್ಬಿಣದ ಹರಳು, ಅಲ್ಯುಮಿನಾ, ರಾಳ, ಕಾರ್ಬನ್ ಬ್ಲಾಕ್ ಇವ್ಯಾವುದರಲ್ಲೂ ಈ ಸುಳಿವು ಸಿಗುವುದಿಲ್ಲ. ತುಂಬಿದ ಮೇಲೂ ನೀರು ಅಷ್ಟೇ ತಿಳಿಯಾಗಿ, ಅಷ್ಟೇ ಜೋರಾಗಿ ಬರುತ್ತದೆ. ಅವುಗಳಿಗೆ ಲೀಟರ್ ಲೆಕ್ಕ ಇಟ್ಟು, ಗಡುವಿಗೆ ಮೊದಲೇ ಬದಲಿಸಬೇಕು, ಲ್ಯಾಬ್‌ಗೆ ಹೊರಗಿನ ನೀರು ಕಳಿಸುತ್ತಿರಬೇಕು. ಹಾಕಿದ ಕೂಡಲೇ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಕಳಿಸಿ. ಅಷ್ಟು ಪರೀಕ್ಷೆ ಮಾಡಿಸಲು ಆಗುವುದಿಲ್ಲ ಅನ್ನಿಸಿದರೆ ಆರ್‌ಒ ಸುರಕ್ಷಿತ ಆಯ್ಕೆ. ಅದಕ್ಕೂ ವರ್ಷಕ್ಕೊಮ್ಮೆ ಲ್ಯಾಬ್ ಬೇಕು, ಮೂರರ ಆರ್ಸೆನಿಕ್ ಟಿಡಿಎಸ್‌ನಲ್ಲಿ ಕಾಣುವುದಿಲ್ಲವಲ್ಲ.

ಇಡೀ ಮನೆಗೋ, ಅಡುಗೆಮನೆಗೆ ಮಾತ್ರವೋ

ಬಹುಪಾಲು ಮನೆಗಳಿಗೆ ಅಡುಗೆಮನೆಯ ಒಂದು ನಲ್ಲಿ ಸಾಕು. ಆರ್ಸೆನಿಕ್, ಸೀಸ, ಯುರೇನಿಯಂ ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ. ಸ್ನಾನ, ಬಟ್ಟೆ ಒಗೆಯಲು ಆ ನೀರು ನಡೆಯುತ್ತದೆ. ಕುಡಿಯುವ ನೀರು, ಅಡುಗೆ ನೀರು, ಕೂಸಿನ ಹಾಲು ಕಲಸುವ ನೀರು ಈ ಮೂರನ್ನು ಬಿಡದೆ ಶುದ್ಧ ಮಾಡಿ. ಅಡುಗೆ ನೀರನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ. ಬೇಯುವ ಧಾನ್ಯ ನೀರನ್ನು ಪೂರ್ತಿ ಹೀರಿಕೊಂಡರೆ ಆ ನೀರಿನ ಆರ್ಸೆನಿಕ್ಕೂ ತಟ್ಟೆಗೆ ಬಂದ ಹಾಗೇ. ಇಡೀ ಮನೆಗೆ ಹಾಕಿಸಿದರೆ ಬರೀ ತೊಳೆಯುವ ನೀರಿಗೇ ಫಿಲ್ಟರಿನ ಆಯಸ್ಸು ಮುಗಿಯುತ್ತದೆ. ಸೀಸ ಬರುತ್ತಿರುವುದು ನಲ್ಲಿಯಿಂದಲೇ ಆಗಿದ್ದರೆ ಮನೆಯ ಬಾಗಿಲಲ್ಲಿ ಇಟ್ಟ ಫಿಲ್ಟರ್‌ನಿಂದ ಪ್ರಯೋಜನವೂ ಇಲ್ಲ.

ತೆಗೆದ ಲೋಹ ಎಲ್ಲೂ ಮಾಯವಾಗಿರುವುದಿಲ್ಲ. ಆರ್‌ಒ ಬಿಡುವ ನೀರು ನೆಲ ತೊಳೆಯಲು, ಶೌಚಕ್ಕೆ ಆಗುತ್ತದೆ. ದನಕರುಗಳಿಗೆ ಕುಡಿಸಬೇಡಿ, ತರಕಾರಿ ಗಿಡಕ್ಕೆ ಹಾಕಬೇಡಿ. ತುಂಬಿದ ಕಾರ್ಟ್ರಿಜ್, ಹರಳು, ಕೆಸರನ್ನು ಬಾವಿ ಹತ್ತಿರ, ಹಿತ್ತಿಲಲ್ಲಿ ಸುರಿಯಬೇಡಿ. ಬದಲಿಸಲು ಬರುವವರು ಅದನ್ನು ಏನು ಮಾಡುತ್ತಾರೆ ಎಂದು ಕೊಳ್ಳುವ ಮೊದಲೇ ಕೇಳಿ.

ವರ್ಷಗಟ್ಟಲೆ ಆ ನೀರು ಕುಡಿದವರು ಡಾಕ್ಟರ್ ಬಳಿ ಹೋಗುವಾಗ ಯಾವ ಲೋಹಕ್ಕೆ ಯಾವ ಪರೀಕ್ಷೆ ಎಂದು ತಿಳಿದಿದ್ದರೆ ಅನುಕೂಲ. ಸೀಸಕ್ಕೆ ರಕ್ತ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂಲ ಹುಡುಕಿ ತಪ್ಪಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಕ್ಯಾಡ್ಮಿಯಂಗೆ ಮೂತ್ರ. ಆರ್ಸೆನಿಕ್‌ಗೂ ಮೂತ್ರ, ಆದರೆ ಅದು ಹಿಂದಿನ ಕೆಲವು ದಿನದ್ದನ್ನು ಮಾತ್ರ ಹೇಳುತ್ತದೆ. ಪರೀಕ್ಷೆಗೆ ಮುಂಚೆ ಕೆಲವು ದಿನ ಸಮುದ್ರದ ಮೀನು, ಸಿಗಡಿ ತಿನ್ನಬಾರದು. ಅವುಗಳಲ್ಲಿರುವ ಬೇರೆ ಬಗೆಯ, ಅಷ್ಟು ಅಪಾಯವಲ್ಲದ ಆರ್ಸೆನಿಕ್ ಸೇರಿ ನಂಬರ್ ಏರುತ್ತದೆ. ಹಿಂದಿನ ತಿಂಗಳುಗಳದ್ದು ತಿಳಿಯಲು ಕೂದಲು, ಉಗುರು ನೋಡುತ್ತಾರೆ. ಮೈಯಿಂದ ಲೋಹ ಹೊರಹಾಕುತ್ತದೆ ಎಂದು ಮಾರುವ ಪುಡಿ, ಕಷಾಯಗಳ ಹಿಂದೆ ಹೋಗಬೇಡಿ. ಲೋಹ ಹೊರತೆಗೆಯುವ ಔಷಧಿಗಳನ್ನು ಡಾಕ್ಟರ್ ಮಟ್ಟ ನೋಡಿಯೇ ಕೊಡುತ್ತಾರೆ. ಮಕ್ಕಳಿಗೆ ಕಬ್ಬಿಣದ ಅಂಶ, ಕ್ಯಾಲ್ಸಿಯಂ ಕಡಿಮೆ ಇದೆಯೇ ಎಂದೂ ಅದೇ ಸಲ ನೋಡಿಸಿ. ಅವು ಕಡಿಮೆ ಇದ್ದಾಗ ಹೊಟ್ಟೆ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ.